ಧಾರವಾಡದ ರೂಮುಗಳಿಗೆ ಬಂದಿರುವ ಫೆನಿಬ್ಯೂಟ್ ಪುಡಿ: ತಿಳಿದವರು ಹೇಳಿ

ಸಪ್ತಾಪುರ_ರೂಮ್

ನಾನು ರೋಣ ತಾಲ್ಲೂಕಿನವನು. ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪಿಎಸ್‌ಐ ಮತ್ತು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ವಿಷಯ ನನ್ನದಲ್ಲ, ನನ್ನ ರೂಮಿನ ಗೆಳೆಯನದು. ‘ಗೆಳೆಯನದು ಎಂದರೆ ನಿನ್ನದೇ’ ಎಂದು ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ, ನಿಜವಾಗಿಯೂ ಅವನದೇ.

ಅವನು ಓದಿನಲ್ಲಿ ನನಗಿಂತ ಬಹಳ ಮುಂದೆ. ಆದರೆ ನಾಲ್ಕು ಜನರ ಎದುರು ಬಾಯಿ ತೆರೆಯಬೇಕೆಂದರೆ ಬೆವರುತ್ತಾನೆ. ಕೋಚಿಂಗ್ ಕೇಂದ್ರದ ಅಣಕು ಸಂದರ್ಶನದಲ್ಲಿ ತನ್ನ ಊರಿನ ಹೆಸರು ಹೇಳುವಷ್ಟರಲ್ಲೇ ಗಂಟಲು ಕಟ್ಟಿತು. ಆಮೇಲೆ ಯಾವುದೋ ವಿಡಿಯೋ ನೋಡಿ ಆನ್‌ಲೈನಿನಲ್ಲಿ ಒಂದು ಪುಡಿ ತರಿಸಿದ. ಬೆಳ್ಳಿ ಬಣ್ಣದ ಜಿಪ್ ಪೊಟ್ಟಣ. ಮೇಲೆ ‘ಫೆನಿಬ್ಯೂಟ್ ಎಚ್‌ಸಿಎಲ್’ ಎಂದು ಅಚ್ಚಾಗಿದೆ. ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಸಂಶೋಧನೆಗೆ ಮಾತ್ರ, ಮನುಷ್ಯರು ಸೇವಿಸುವುದಕ್ಕಲ್ಲ ಎಂದಿದೆ. ತಯಾರಕರ ವಿಳಾಸವಿಲ್ಲ, ಬ್ಯಾಚ್ ಸಂಖ್ಯೆಯಿಲ್ಲ. ಒಳಗೊಂದು ಪ್ಲಾಸ್ಟಿಕ್ ಚಮಚ, ಅದಕ್ಕೂ ಅಳತೆಯ ಗುರುತಿಲ್ಲ. ಪುಡಿ ಬಿಳಿ, ನಾಲಿಗೆ ಮುದುಡುವಷ್ಟು ಹುಳಿ. ನಿಂಬೆ ಶರಬತ್ತಿನಲ್ಲಿ ಕದಡಿ ಕುಡಿಯುತ್ತಾನೆ.

ಮೊದಲ ಸಲ ಕುಡಿದ ದಿನ ಬೇರೆಯೇ ಮನುಷ್ಯನಾಗಿದ್ದ. ಮೆಸ್ಸಿನ ಕಾಕುವಿನ ಜೊತೆ ನಗುತ್ತಾ ಮಾತನಾಡಿದ, ಸಂಜೆ ಅಣಕು ಸಂದರ್ಶನದಲ್ಲಿ ಪ್ರಶ್ನೆ ಕೇಳಿದವರೇ ತಲೆದೂಗಿದರು. ನನಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಈಗ ಅವನಿಗೆ ಅದು ದಿನವೂ ಬೇಕು, ಚಮಚವೂ ಏರುತ್ತಿದೆ. ಹೋದ ವಾರ ಪಾರ್ಸೆಲ್ ಬರುವುದು ತಡವಾಯಿತು. ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ, ಹಾಸಿಗೆ ಬೆವರಿನಿಂದ ಒದ್ದೆ. ಓಎಂಆರ್ ಹಾಳೆಯಲ್ಲಿ ವೃತ್ತ ತುಂಬಲು ಕುಳಿತರೆ ಪೆನ್ನು ಗೆರೆ ದಾಟಿ ಪಕ್ಕದ ವೃತ್ತಕ್ಕೆ ಹೋಗುತ್ತಿತ್ತು. ‘ಮೆಟ್ಟಿಲ ಮೇಲೆ ಅಪ್ಪ ಕರೆಯುತ್ತಿದ್ದಾನೆ’ ಎಂದು ಎದ್ದು ಬಾಗಿಲು ತೆರೆದ. ಅವರ ಅಪ್ಪ ಊರಿನಲ್ಲಿದ್ದರು. ಪಾರ್ಸೆಲ್ ಬಂದು ಕುಡಿದ ಮೇಲೆ ಎಲ್ಲವೂ ತಣ್ಣಗಾಯಿತು.

ಕೇಳಿದರೆ, ‘ಇದು ಅಮಿನೋ ಆಮ್ಲ, ಜಿಮ್ಮಿನವರ ಪ್ರೋಟೀನ್ ಪುಡಿಯಲ್ಲಿ ಇರುವಂಥದ್ದೇ’ ಎನ್ನುತ್ತಾನೆ. ಹೌದೇ?

ಬ್ಯಾಡಗಿ_ಖಾರ

ಅಮಿನೋ ಆಮ್ಲ ಬೇಕಾದರೆ ಹೆಸರುಕಾಳಿನ ಪಲ್ಯ ತಿನ್ನಲಿ. ಪಾರ್ಸೆಲ್ ತಡವಾದರೂ ಬೆವರು ಬರುವುದಿಲ್ಲ.

ಮಾತ್ರೆಪೆಟ್ಟಿಗೆ_ಗದಗ

ತಮ್ಮಾ, ಮೊದಲು ಒಂದು ಮಾತು. ಅವನು ಇವತ್ತೇ ಪುಡಿಯನ್ನು ಚೆಲ್ಲಿ ‘ಇನ್ನು ಮುಟ್ಟುವುದಿಲ್ಲ’ ಎಂದು ಶಪಥ ಮಾಡದಂತೆ ನೋಡಿಕೋ. ಅರ್ಥವಾಗಲಿಲ್ಲ ಎನಿಸಬಹುದು, ಕಾರಣವನ್ನು ಕೆಳಗೆ ಯಾರಾದರೂ ವಿವರವಾಗಿ ಬರೆಯುತ್ತಾರೆ. ಇಲ್ಲದ ದನಿ ಕೇಳಿಸುವ ಮಟ್ಟಕ್ಕೆ ಹೋಗಿದ್ದಾನೆ ಎಂದರೆ ಇದನ್ನು ಬಿಡಿಸುವ ಕೆಲಸ ವೈದ್ಯರದು, ಮನಸ್ಸು ಗಟ್ಟಿ ಮಾಡಿಕೊಂಡರೆ ಮುಗಿಯುವುದಲ್ಲ.

ನಾನು ಗದಗಿನಲ್ಲಿ ಔಷಧ ಅಂಗಡಿ ನಡೆಸುತ್ತೇನೆ. ನನ್ನ ಕಪಾಟಿಗೆ ಫೆನಿಬ್ಯೂಟ್ ಎಂದೂ ಬಂದಿಲ್ಲ, ಅದನ್ನು ಬರೆದ ಚೀಟಿಯನ್ನೂ ಕಂಡಿಲ್ಲ. ರಷ್ಯಾದಲ್ಲಿ ಇದು ಮಾತ್ರೆಯ ರೂಪದಲ್ಲಿ, ವೈದ್ಯರ ಚೀಟಿಯ ಮೇಲೆ ಸಿಗುತ್ತದೆ. ಅಲ್ಲಿನ ಸಾಮಾನ್ಯ ಮಾತ್ರೆ 250 ಮಿಲಿಗ್ರಾಂ. ಈಗ ನಿನ್ನ ಗೆಳೆಯನ ಚಮಚವನ್ನು ನೆನೆಸಿಕೋ. ಅದರಲ್ಲಿ ಎಷ್ಟು ಮಿಲಿಗ್ರಾಂ ಎನ್ನುವುದು ಅವನಿಗೂ ತಿಳಿಯದು, ಮಾರಿದವನಿಗೂ ತಿಳಿಯದು. ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು. ಪೊಟ್ಟಣದಲ್ಲಿ ಇರುವುದು ಅದೇ ವಸ್ತುವೇ ಎಂಬುದಕ್ಕೂ ಸಾಕ್ಷಿಯಿಲ್ಲ. ನಾನು ಒಂದು ಪ್ಯಾರಾಸಿಟಮಾಲ್ ಪಟ್ಟಿ ಮಾರಿದರೂ ಬ್ಯಾಚ್ ಸಂಖ್ಯೆಗೆ ಉತ್ತರ ಕೊಡಬೇಕು. ಇವರು ‘ಮನುಷ್ಯರಿಗಲ್ಲ’ ಎಂದು ಅಚ್ಚು ಹಾಕಿ ಮನುಷ್ಯರಿಗೇ ಮಾರುತ್ತಾರೆ!

ಹಾವೇರಿ_ಏಲಕ್ಕಿ

ಎಲ್ಲರೂ ಹೆದರಿಸುವುದೇ ಆಯಿತು. ನಾನು ಇದನ್ನು ಬಳಸಿದ್ದೇನೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ದೊಡ್ಡ ಸಭೆಗಳಿಗೆ ಮುಂಚೆ ಎಂದಾದರೊಮ್ಮೆ ತೆಗೆದುಕೊಳ್ಳುತ್ತಿದ್ದೆ. ಏನೂ ಆಗಲಿಲ್ಲ, ಚಟವೂ ಹತ್ತಲಿಲ್ಲ. ಸೋವಿಯತ್ ಗಗನಯಾನಿಗಳ ಔಷಧ ಪೆಟ್ಟಿಗೆಯಲ್ಲೇ ಇದಕ್ಕೆ ಜಾಗವಿತ್ತು. ಆತಂಕ ಇಳಿಸುವ ಡಯಾಜೆಪಾಮ್ ಮಾತ್ರೆಯ ಹಾಗೆ ಮಂಕು ಕವಿಯದೆ ಭಯ ಮಾತ್ರ ಇಳಿಯುತ್ತದೆ ಎಂದೇ ಅವರು ಆರಿಸಿಕೊಂಡದ್ದು. ಗೆಳೆಯ ದಿನವೂ ತೆಗೆದುಕೊಂಡದ್ದು ತಪ್ಪು, ಒಪ್ಪುತ್ತೇನೆ. ಅದಕ್ಕೆ ವಸ್ತುವನ್ನೇ ವಿಷ ಎನ್ನಬೇಕೇ?

ಬೆಂಜೀನ್_ಮಾಸ್ತರ

ಧಾರವಾಡದಲ್ಲಿ ಬಹಳ ವರ್ಷ ರಸಾಯನಶಾಸ್ತ್ರ ಕಲಿಸಿದವನು ನಾನು. ಮೂಲ ಪ್ರಶ್ನೆಗೆ ನೇರ ಉತ್ತರ: ಹೌದು, ಅಮಿನೋ ಆಮ್ಲ. ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಒಂದು ಅಣುವಿನಲ್ಲಿ ಅಮಿನೋ ಗುಂಪು ಮತ್ತು ಕಾರ್ಬಾಕ್ಸಿಲಿಕ್ ಗುಂಪು ಎರಡೂ ಇದ್ದರೆ ಅದು ಆ ವರ್ಗಕ್ಕೆ ಸೇರುತ್ತದೆ, ಅಷ್ಟೇ. ಹೆಸರುಕಾಳಿನ ಪ್ರೋಟೀನಿಗೆ ಬೇಕಾದ ಇಪ್ಪತ್ತು ಅಮಿನೋ ಆಮ್ಲಗಳ ಸಾಲಿನಲ್ಲಿ ಫೆನಿಬ್ಯೂಟ್ ಇಲ್ಲ. ಯಾವ ಕಾಳಿನಲ್ಲೂ ಇಲ್ಲ. ಅದು ಪ್ರಯೋಗಾಲಯದಲ್ಲಿ ಹುಟ್ಟಿದ್ದು.

ಕಥೆ ಗಾಬಾದಿಂದ ಆರಂಭವಾಗುತ್ತದೆ. ಪೂರ್ತಿ ಹೆಸರು ಗಾಮಾ ಅಮಿನೋ ಬ್ಯೂಟಿರಿಕ್ ಆಮ್ಲ. ಮಿದುಳಿನಲ್ಲಿ ಇದು ಹೇರಳವಾಗಿದೆ ಎಂದು 1950ರಲ್ಲಿ ಯೂಜೀನ್ ರಾಬರ್ಟ್ಸ್ ಮತ್ತು ಸ್ಯಾಮ್ ಫ್ರಾಂಕೆಲ್ ತೋರಿಸಿದರು. ನರಕೋಶಗಳನ್ನು ಕೆರಳಿಸುವ ಗ್ಲುಟಮೇಟಿನಿಂದಲೇ ಮಿದುಳು ಇದನ್ನು ತಯಾರಿಸಿಕೊಳ್ಳುತ್ತದೆ. ಒಂದೇ ಒಂದು ಕಿಣ್ವ ಒಂದು ಇಂಗಾಲದ ಡೈಆಕ್ಸೈಡನ್ನು ಕಳಚಿ ತೆಗೆಯುತ್ತದೆ, ಕೆರಳಿಸುವ ಅಣು ಶಾಂತಗೊಳಿಸುವ ಅಣುವಾಗುತ್ತದೆ. ನಲವತ್ತು ವರ್ಷ ಪಾಠ ಹೇಳಿದರೂ ಈ ಒಂದು ಹೆಜ್ಜೆಯ ಸೊಗಸು ನನಗೆ ಹಳತಾಗಿಲ್ಲ. ಆ ಕಿಣ್ವಕ್ಕೆ ಬಿ6 ಜೀವಸತ್ವ ಬೇಕು, ಅದಿಲ್ಲದ ಶಿಶುಗಳಿಗೆ ಸೆಳವು (ಫಿಟ್ಸ್) ಬರುವುದು ಇದೇ ಕಾರಣಕ್ಕೆ.

ಹಾಗಾದರೆ ಗಾಬಾವನ್ನೇ ಮಾತ್ರೆ ಮಾಡಿ ನುಂಗಿದರಾಯಿತಲ್ಲ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ಆನ್‌ಲೈನಿನಲ್ಲಿ ಅದೂ ಮಾರಾಟವಾಗುತ್ತದೆ. ತೊಡಕು ಏನೆಂದರೆ, ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಬಿಗಿಯಾದ ತಡೆಯೊಂದಿದೆ. ನೀರಿನಲ್ಲಿ ಸುಲಭವಾಗಿ ಕರಗುವ, ವಿದ್ಯುದಾವೇಶ ಹೊತ್ತ ಗಾಬಾ ಅದನ್ನು ದಾಟುವುದು ಅತ್ಯಲ್ಪ. 1960ರ ದಶಕದಲ್ಲಿ ಲೆನಿನ್‌ಗ್ರಾಡಿನ ಗೆರ್ಟ್ಸೆನ್ ಶಿಕ್ಷಣ ಸಂಸ್ಥೆಯಲ್ಲಿ ಪೆರೆಕಾಲಿನ್ ಮತ್ತು ಅವರ ಸಂಗಡಿಗರು ಗಾಬಾದ ಬೀಟಾ ಇಂಗಾಲಕ್ಕೆ ಒಂದು ಫಿನೈಲ್ ಉಂಗುರ, ಅಂದರೆ ಆರು ಇಂಗಾಲಗಳ ಬಳೆ, ಜೋಡಿಸಿದರು. ಕೊಬ್ಬಿನೊಂದಿಗೆ ಒಗ್ಗುವ ಆ ಉಂಗುರದ ಬಲದಿಂದ ಅಣು ತಡೆಯನ್ನು ದಾಟಿತು. ಅದೇ ಫೆನಿಬ್ಯೂಟ್, ಸಿ10ಎಚ್13ಎನ್‌ಒ2. ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆಯೊಂದರಲ್ಲಿ ಹುಟ್ಟಿದ ಔಷಧ ಎನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ.

ಒಳಗೆ ಹೋಗಿ ಅದು ಹಿಡಿಯುವುದು ಗಾಬಾ-ಬಿ ಎಂಬ ಗ್ರಾಹಕವನ್ನು, ಅಂದರೆ ನರಕೋಶದ ಮೇಲೆ ಗಾಬಾ ಬಂದು ಕೂರುವ ರಿಸೆಪ್ಟರನ್ನು. ಮದ್ಯ ಮತ್ತು ಡಯಾಜೆಪಾಮ್ ಹೆಚ್ಚಾಗಿ ಕೆಲಸ ಮಾಡುವುದು ಗಾಬಾ-ಎ ಮೇಲೆ. ಅದು ಥಟ್ಟನೆ ತೆರೆದು ಮುಚ್ಚುವ ಕ್ಲೋರೈಡ್ ದ್ವಾರ. ಗಾಬಾ-ಬಿ ನಿಧಾನದ್ದು. ಅದು ಕೋಶದ ಪೊಟ್ಯಾಸಿಯಂ ದ್ವಾರಗಳನ್ನು ತೆರೆಸುತ್ತದೆ, ಕ್ಯಾಲ್ಸಿಯಂ ದ್ವಾರಗಳನ್ನು ಅದುಮುತ್ತದೆ. ಕ್ಯಾಲ್ಸಿಯಂ ಒಳಗೆ ಬರದಿದ್ದರೆ ನರಕೋಶವು ತನ್ನ ಸಂದೇಶದ ರಾಸಾಯನಿಕವನ್ನು ಹೊರಗೆ ಚೆಲ್ಲಲಾರದು. ಇದರ ಮೇಲೆ, ಕ್ಯಾಲ್ಸಿಯಂ ದ್ವಾರದ ಆಲ್ಫಾ-2-ಡೆಲ್ಟಾ ಎಂಬ ಭಾಗಕ್ಕೂ ಫೆನಿಬ್ಯೂಟ್ ನೇರವಾಗಿ ಅಂಟುತ್ತದೆ ಎಂದು 2015ರಲ್ಲಿ ಲಾಟ್ವಿಯಾದ ಸಂಶೋಧಕರು ತೋರಿಸಿದರು. ಅಂದರೆ ಒಂದೇ ಅಣು ಎರಡು ಕಡೆಯಿಂದ ಅದುಮುತ್ತದೆ. ನಮ್ಮ ಹುಡುಗನ ಗಂಟಲು ಸಡಿಲವಾದದ್ದು ಹೀಗೆ.

ಇನ್ನೊಂದು ವಿಷಯ. ಈ ಅಣುವಿಗೆ ಎಡ-ಬಲ ಎಂಬ ಎರಡು ರೂಪಗಳಿವೆ, ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬದಂತೆ. ಕೆಲಸ ಮಾಡುವುದು ಬಹುಮಟ್ಟಿಗೆ ‘ಆರ್’ ರೂಪ. ಮಾರಾಟವಾಗುವ ಪುಡಿಯಲ್ಲಿ ಎರಡೂ ಬೆರೆತಿರುತ್ತವೆ. ಅದರ ಫಿನೈಲ್ ಉಂಗುರಕ್ಕೆ ಒಂದು ಕ್ಲೋರೀನ್ ಪರಮಾಣು ಸೇರಿಸಿ ನೋಡಿ, ಬ್ಯಾಕ್ಲೋಫೆನ್ ಸಿಗುತ್ತದೆ. 1962ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದನ್ನು ತಯಾರಿಸಿದ್ದು ಮೂರ್ಛೆರೋಗಕ್ಕೆಂದು. ಅಲ್ಲಿ ಕೈಕೊಟ್ಟಿತು, ಸ್ನಾಯು ಬಿಗಿತಕ್ಕೆ ವರವಾಯಿತು. ಒಂದು ಕ್ಲೋರೀನ್ ಸೇರಿದ ಮಾತ್ರಕ್ಕೆ ಗಾಬಾ-ಬಿ ಮೇಲೆ ಅದರ ಬಲ ಫೆನಿಬ್ಯೂಟಿನ ಹತ್ತಾರು ಪಟ್ಟು.

ಏಲಕ್ಕಿ ಅವರಿಗೆ: ಗಗನಯಾನಿಯ ಹಿಂದೆ ವೈದ್ಯರ ದಂಡೇ ಇರುತ್ತದೆ. ಮಾತ್ರೆ ಎಷ್ಟು, ಯಾವಾಗ, ಎಷ್ಟು ದಿನ ಎಂದು ಅವನ ಪರವಾಗಿ ಬೇರೆಯವರು ಲೆಕ್ಕ ಇಡುತ್ತಾರೆ. ಸಪ್ತಾಪುರದ ರೂಮಿನಲ್ಲಿ ಆ ಲೆಕ್ಕ ಇಡುವವನೂ ಪುಡಿ ಕುಡಿಯುವವನೂ ಒಬ್ಬನೇ.

ಸಪ್ತಾಪುರ_ರೂಮ್

ಸರ್, ಧನ್ಯವಾದ. ಹಾಗಾದರೆ ನಿಲ್ಲಿಸಿದಾಗ ಮೊದಲಿಗಿಂತ ಕೆಟ್ಟದಾಗುವುದು ಏಕೆ? ಪುಡಿ ದೇಹದಿಂದ ಹೋದರೆ ಮೊದಲಿದ್ದ ಸ್ಥಿತಿಗೆ ಬರಬೇಕಲ್ಲವೇ? ಮೊದಲು ಅವನಿಗೆ ಭಯವಿತ್ತು, ಆದರೆ ಇಲ್ಲದ ದನಿ ಕೇಳಿಸುತ್ತಿರಲಿಲ್ಲ.

ಬೆಂಜೀನ್_ಮಾಸ್ತರ

ಏಕೆಂದರೆ ಮಿದುಳು ಸುಮ್ಮನೆ ಕುಳಿತಿರುವುದಿಲ್ಲ. ಚಕ್ಕಡಿಯ ಹಗ್ಗವನ್ನು ಸದಾ ಜಗ್ಗಿ ಹಿಡಿದುಕೊಂಡೇ ಹೊಡೆಯುವವನ ಎತ್ತುಗಳು ಆ ಜಗ್ಗಾಟಕ್ಕೆ ಎದುರಾಗಿ ಮೈಯೊಡ್ಡಿ ಎಳೆಯುವುದನ್ನು ಕಲಿಯುತ್ತವೆ. ಅವನು ಒಮ್ಮೆಲೇ ಹಗ್ಗ ಬಿಟ್ಟರೆ ಚಕ್ಕಡಿ ಹಳ್ಳಕ್ಕೆ. ದಿನವೂ ಗಾಬಾ-ಬಿ ಒತ್ತಿಸಿಕೊಂಡ ನರಕೋಶಗಳು ಆ ಗ್ರಾಹಕದ ಮಾತಿಗೆ ಕಿವಿಗೊಡುವುದನ್ನು ಕಡಿಮೆ ಮಾಡುತ್ತವೆ, ಕೆರಳಿಸುವ ಬದಿ ಬಲಿಯುತ್ತದೆ. ಅದಕ್ಕೇ ಚಮಚ ಏರಿಸಬೇಕಾಗುವುದು. ಪುಡಿ ಥಟ್ಟನೆ ನಿಂತರೆ ಅದುಮುವ ಕೈ ಮಾತ್ರ ಹೋಗುತ್ತದೆ, ಬಲಿತ ಕೆರಳಿಕೆ ಹಾಗೆಯೇ ಉಳಿಯುತ್ತದೆ. ನಿದ್ದೆಗೇಡು, ಬೆವರು, ನಡುಕ, ಎದೆಬಡಿತ, ಇಲ್ಲದ ದನಿ, ಕೆಲವರಲ್ಲಿ ಸೆಳವು ಕೂಡ. ಗ್ರಾಹಕಗಳು ಹಳೆಯ ಸ್ಥಿತಿಗೆ ಮರಳಲು ಕಾಲ ಬೇಕು, ಆ ಕಾಲವನ್ನು ಸುರಕ್ಷಿತವಾಗಿ ಕಳೆಯುವುದೇ ಚಿಕಿತ್ಸೆ.

ಒಂದು ಸಣ್ಣ ಡೋಸ್ ಕುಡಿದರೆ ಅದು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ. ಆದ್ದರಿಂದ ಪಾರ್ಸೆಲ್ ಒಂದು ದಿನ ತಡವಾದರೂ ಅವನು ಹಳ್ಳದ ಅಂಚಿಗೆ ಬರುತ್ತಾನೆ.

ವಿದ್ಯಾಗಿರಿ_ತಂದೆ

ಇಷ್ಟೆಲ್ಲ ವಿಜ್ಞಾನ ಏಕೆ? ಅವನ ತಂದೆಗೆ ಫೋನ್ ಮಾಡಿ, ಊರಿಗೆ ಕಳಿಸಿ. ನಾಲ್ಕು ದಿನ ಹೊಲದಲ್ಲಿ ಕೆಲಸ ಮಾಡಿದರೆ ಎಲ್ಲ ಇಳಿಯುತ್ತದೆ. ನಮ್ಮ ಕಾಲದಲ್ಲಿ ನಾವೂ ಪರೀಕ್ಷೆ ಬರೆದಿದ್ದೇವೆ.

ಸಪ್ತಾಪುರ_ರೂಮ್

ಅಂಕಲ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಅವರ ಅಪ್ಪ ಇವನ ಕೋಚಿಂಗ್ ಫೀಸಿಗಾಗಿ ಎರಡು ಎಕರೆ ಹೊಲವನ್ನು ಲಾವಣಿಗೆ (ಗೇಣಿಗೆ) ಕೊಟ್ಟಿದ್ದಾರೆ. ಆ ಹೊಲದಲ್ಲಿ ಈಗ ಬೇರೆಯವರು ಕೆಲಸ ಮಾಡುತ್ತಿದ್ದಾರೆ. ಅದಕ್ಕೇ ಅವನು ಊರಿಗೆ ಫೋನ್ ಮಾಡಲು ಹೆದರುವುದು.

ರಾತ್ರಿಪಾಳಿ_ಸಿಸ್ಟರ್

ವಿದ್ಯಾಗಿರಿಯ ಹಿರಿಯರೇ, ಊರಿಗೆ ಕಳಿಸಿ ಪುಡಿ ಬಿಡಿಸಿದರೆ ಆ ಹುಡುಗನಿಗೆ ಸೆಳವು ಬರುವುದು ಹೊಲದಲ್ಲಿ, ಆಸ್ಪತ್ರೆಯಿಂದ ಬಹಳ ದೂರದಲ್ಲಿ. ದಯವಿಟ್ಟು ಆ ಸಲಹೆ ಬೇಡ.

ಹಾವೇರಿ_ಏಲಕ್ಕಿ

ಮಾಸ್ತರರೇ ಬ್ಯಾಕ್ಲೋಫೆನ್ ಹತ್ತಿರದ ಸಂಬಂಧಿ ಎಂದಿದ್ದಾರೆ. ಹಾಗಾದರೆ ಸುಲಭ. ಪುಡಿಯ ಬದಲು ಅಂಗಡಿಯಿಂದ ಬ್ಯಾಕ್ಲೋಫೆನ್ ತಂದು ನುಂಗಿ, ಅದನ್ನು ಮೆಲ್ಲಗೆ ಇಳಿಸುತ್ತಾ ಬಂದರಾಯಿತು. ವಿದೇಶದ ವೈದ್ಯರು ಇದನ್ನೇ ಮಾಡುತ್ತಾರೆ ಎಂದು ಓದಿದ್ದೇನೆ. ಆಸ್ಪತ್ರೆ ಏಕೆ?

ಮಾತ್ರೆಪೆಟ್ಟಿಗೆ_ಗದಗ

ಅಣ್ಣಾ, ನೀವು ಓದಿದ್ದು ಸರಿ, ಹೇಳುತ್ತಿರುವುದು ಅಪಾಯ. ವೈದ್ಯರು ಕೆಲವು ರೋಗಿಗಳಿಗೆ ಬ್ಯಾಕ್ಲೋಫೆನ್ ಕೊಟ್ಟು ಫೆನಿಬ್ಯೂಟಿನಿಂದ ಬಿಡಿಸಿದ್ದಾರೆ, ನಿಜ. ಅವರು ರೋಗಿಯ ಮೂತ್ರಪಿಂಡ ಹೇಗಿದೆ ಎಂದು ನೋಡಿರುತ್ತಾರೆ, ಉಸಿರಾಟದ ಮೇಲೆ ಕಣ್ಣಿಟ್ಟಿರುತ್ತಾರೆ, ಬೇಕಾದರೆ ಬೇರೆ ಔಷಧವನ್ನೂ ಸೇರಿಸುತ್ತಾರೆ. ಹತ್ತಾರು ಪಟ್ಟು ಬಲದ ಮಾತ್ರೆಯನ್ನು, ತೂಕವೇ ಗೊತ್ತಿಲ್ಲದ ಚಮಚದ ಬದಲಿಗೆ, ಅಂದಾಜಿನ ಮೇಲೆ ನುಂಗುವುದು ಲೆಕ್ಕವೇ? ಬ್ಯಾಕ್ಲೋಫೆನ್ ಹೆಚ್ಚಾದರೆ ಉಸಿರು ಮಂದವಾಗಿ ಕೋಮಾಕ್ಕೆ ಹೋಗುತ್ತಾರೆ. ಅದನ್ನೂ ಥಟ್ಟನೆ ನಿಲ್ಲಿಸಿದರೆ ಭ್ರಮೆ, ಸೆಳವು. ಚೀಟಿಯಿಲ್ಲದೆ ಬ್ಯಾಕ್ಲೋಫೆನ್ ಕೇಳಿಕೊಂಡು ನನ್ನ ಅಂಗಡಿಗೆ ಬಂದವರನ್ನು ಹಾಗೆಯೇ ವಾಪಸ್ ಕಳಿಸುತ್ತೇನೆ, ಕೆಲವರು ಬೈದುಕೊಂಡೇ ಹೋಗುತ್ತಾರೆ. ಹೋಗಲಿ. ಎಲ್ಲ ಅಂಗಡಿಗಳೂ ಹಾಗೆ ಮಾಡುತ್ತವೆ ಎಂದು ನಾನು ಹೇಳಲಾರೆ. ನಮ್ಮ ವೃತ್ತಿಯವರ ಮೇಲೆಯೇ ನನಗಿರುವ ದೊಡ್ಡ ಸಿಟ್ಟು ಅದು.

ರಾತ್ರಿಪಾಳಿ_ಸಿಸ್ಟರ್

ನಾನು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ದಾದಿ, ಮನೋರೋಗ ವಿಭಾಗದಲ್ಲಿ ಹೆಚ್ಚು ಕಾಲ ಕೆಲಸ ಮಾಡಿದವಳು. ನಮ್ಮಲ್ಲಿಗೆ ಬರುವ ಬಹುಪಾಲು ಜನ ಸಾರಾಯಿ ಬಿಟ್ಟು ನಡುಗುತ್ತಾ ಬಂದವರು. ಸಪ್ತಾಪುರದ ತಮ್ಮ ಬರೆದ ಲಕ್ಷಣಗಳನ್ನು ಓದಿದಾಗ ಅದೇ ಚಿತ್ರ ಕಣ್ಣ ಮುಂದೆ ಬಂತು. ಇಲ್ಲಿ ಒಂದು ಅಪಾಯವಿದೆ. ಹುಡುಗ ದನಿ ಕೇಳಿಸುತ್ತದೆ ಎಂದು ಮಾತ್ರ ಹೇಳಿ, ಪುಡಿಯ ವಿಷಯ ಮುಚ್ಚಿಟ್ಟರೆ, ಅದನ್ನು ಬೇರೆಯೇ ಮನೋರೋಗ ಎಂದುಕೊಳ್ಳುವುದು ಸುಲಭ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಮಾಡುವ ಮೂತ್ರ ಪರೀಕ್ಷೆಯಲ್ಲಿ ಫೆನಿಬ್ಯೂಟ್ ಸಿಕ್ಕಿಬೀಳುವುದಿಲ್ಲ. ಆದ್ದರಿಂದ ಪೊಟ್ಟಣ, ಚಮಚ, ಆರ್ಡರ್ ಮಾಡಿದ ಮೊಬೈಲ್ ಪುಟ, ಎಲ್ಲವನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ವೈದ್ಯರಿಗೆ ಅದಕ್ಕಿಂತ ಉತ್ತಮ ವರದಿ ಬೇರಿಲ್ಲ.

ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಬೆಳಿಗ್ಗೆಯೇ ಹೊರರೋಗಿ ವಿಭಾಗಕ್ಕೆ ಹೋಗಿ ಸಾಲಿನಲ್ಲಿ ನಿಲ್ಲಿ, ಆಧಾರ್ ಜೊತೆಗಿರಲಿ. ಅದಕ್ಕೂ ಮುನ್ನ ಮಾತನಾಡಬೇಕೆನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, 2022ರಲ್ಲಿ ಆರಂಭವಾದದ್ದು, ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ.

ರೂಮಿನಲ್ಲೇ ಸೆಳವು ಬಂದರೆ: ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಿ, 108ಕ್ಕೆ ಕರೆ ಮಾಡಿ. ಕೈಗೆ ಕೀಲಿಕೈ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ತುರುಕುವುದು, ಇವು ಯಾವುವೂ ಬೇಡ. ಇವತ್ತಿಗೂ ನಮ್ಮಲ್ಲಿಗೆ ಬರುವವರಲ್ಲಿ ಚಮಚದಿಂದ ಮುರಿದ ಹಲ್ಲುಗಳನ್ನು ಕಾಣುತ್ತೇನೆ.

ಕೊನೆಯದಾಗಿ, ಸಾರಾಯಿ. ಪರೀಕ್ಷೆ ಮುಗಿದ ದಿನ ಗೆಳೆಯರೆಲ್ಲ ಸೇರಿದಾಗ ಪುಡಿಯ ಮೇಲೆ ಒಂದು ಬಿಯರ್ ಕುಡಿದರೆ ಇವೆರಡೂ ಸೇರಿ ಉಸಿರನ್ನು ಅದುಮುತ್ತವೆ. ಇನ್ನು ಕೆಲವರು, ಕುಡಿದು ಒಂದು ಗಂಟೆಯಾದರೂ ಏನೂ ಅನಿಸಲಿಲ್ಲವೆಂದು ಇನ್ನೊಂದು ಚಮಚ ಹಾಕುತ್ತಾರೆ. ಬಾಯಿಯಿಂದ ತೆಗೆದುಕೊಂಡ ಫೆನಿಬ್ಯೂಟ್ ಪೂರ್ತಿ ತಟ್ಟುವುದಕ್ಕೆ ಎರಡು ಗಂಟೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕು. ಎರಡೂ ಚಮಚ ಒಟ್ಟಿಗೇ ಏರುತ್ತವೆ.

ಸಪ್ತಾಪುರ_ರೂಮ್

ಅಕ್ಕಾ, ಆಸ್ಪತ್ರೆ ಎಂದ ಕೂಡಲೇ ಅವನು ಕೇಳುವುದು ಒಂದೇ ಪ್ರಶ್ನೆ. ಹೆಸರು ದಾಖಲಾದರೆ ನಾಳೆ ಪೊಲೀಸ್ ನೌಕರಿಯ ಪರಿಶೀಲನೆಯಲ್ಲಿ ಹೊರಗೆ ಬರುತ್ತದೆಯೇ?

ರಾತ್ರಿಪಾಳಿ_ಸಿಸ್ಟರ್

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಪ್ರಕಾರ ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡುವುದು ಅವನ ಹಕ್ಕು. ಕಾಯ್ದೆಯಲ್ಲೇ ಹೇಳಿರುವ ಕೆಲವು ಸಂದರ್ಭಗಳನ್ನು ಬಿಟ್ಟರೆ ಯಾರಾದರೂ ಬಂದು ಕೇಳಿದರೆಂದು ಆಸ್ಪತ್ರೆ ಕೊಡುವಂತಿಲ್ಲ. ಅದಿರಲಿ, ನಡುಗುವ ಕೈಯಲ್ಲಿ ಓಎಂಆರ್ ಹಾಳೆ ತುಂಬಲಾಗದವನಿಗೆ ನೌಕರಿಯ ಪರಿಶೀಲನೆಯವರೆಗೆ ಹೋಗುವ ಪ್ರಶ್ನೆಯೇ ಬರುವುದಿಲ್ಲ ಎಂದು ಅವನಿಗೆ ಹೇಳು. ಒರಟಾಗಿ ಕೇಳಿಸಿದರೂ ಚಿಂತೆಯಿಲ್ಲ, ನನ್ನ ಹೆಸರಿನಲ್ಲೇ ಹೇಳು.

ಉಣಕಲ್_ಕೆರೆದಂಡೆ

ನಡುವೆ ನನ್ನದೊಂದು ಪ್ರಶ್ನೆ. ನಮ್ಮ ತಾಯಿಗೆ ಸಕ್ಕರೆ ಕಾಯಿಲೆ, ಅಂಗಾಲು ಉರಿಯುತ್ತದೆ ಎಂದು ವೈದ್ಯರು ಪ್ರಿಗಬಾಲಿನ್ 75 ಕೊಟ್ಟಿದ್ದಾರೆ. ಮಾಸ್ತರರು ಹೇಳಿದ ಆಲ್ಫಾ-2-ಡೆಲ್ಟಾ ಎಂಬ ಶಬ್ದ ಆ ಮಾತ್ರೆಯ ಕಾಗದದಲ್ಲೂ ಇದೆ. ಓದಿ ಗಾಬರಿಯಾಯಿತು. ರಾತ್ರಿಯಿಂದಲೇ ನಿಲ್ಲಿಸಲೇ?

ಬೆಂಜೀನ್_ಮಾಸ್ತರ

ಬೇಡ! ಕುಲ ಒಂದೇ, ಗುಣ ಬೇರೆ. ಪ್ರಿಗಬಾಲಿನ್ ಕೂಡ ಗಾಬಾದ ಮೇಲೆ ಕಟ್ಟಿದ ಕೃತಕ ಅಮಿನೋ ಆಮ್ಲವೇ. 1989ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸಿಲ್ವರ್‌ಮನ್ ಅವರ ಪ್ರಯೋಗಾಲಯದಲ್ಲಿ ತಯಾರಾಯಿತು, 2004ರಲ್ಲಿ ಅಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಗಾಬಾವನ್ನು ಹೋಲುವಂತೆ ಕಟ್ಟಿದರೂ ಅದು ಗಾಬಾ ಗ್ರಾಹಕಗಳನ್ನು ಮುಟ್ಟುವುದೇ ಇಲ್ಲ. ಅದರಣ್ಣ ಗಬಪೆಂಟಿನ್ ಕೂಡ ಹಾಗೆಯೇ. ಎರಡೂ ಕ್ಯಾಲ್ಸಿಯಂ ದ್ವಾರದ ಆ ಭಾಗಕ್ಕೆ ಅಂಟಿ, ಕೆರಳಿದ ನೋವಿನ ನರಗಳಿಂದ ಸಂದೇಶ ಚೆಲ್ಲುವುದನ್ನು ಕಡಿಮೆ ಮಾಡುತ್ತವೆ. ಒಂದನ್ನು ಗುರಿಯಿಟ್ಟು ಇನ್ನೊಂದನ್ನು ಹೊಡೆದದ್ದು, ಔಷಧ ಚರಿತ್ರೆಯಲ್ಲಿ ಇಂಥವು ಬೇಕಾದಷ್ಟಿವೆ.

ಮಾತ್ರೆಪೆಟ್ಟಿಗೆ_ಗದಗ

ಉಣಕಲ್ಲಿನವರೇ, ಪ್ರಿಗಬಾಲಿನ್ ನಿಲ್ಲಿಸಬೇಕಾದರೂ ವೈದ್ಯರು ಕನಿಷ್ಠ ಒಂದು ವಾರದ ಅವಧಿಯಲ್ಲಿ ಇಳಿಸುತ್ತಾರೆ, ಒಂದೇ ರಾತ್ರಿಯಲ್ಲಿ ಅಲ್ಲ. ನೀವು ಗಮನಿಸಬೇಕಾದದ್ದು ಬೇರೆ. ತಾಯಿಗೆ ಬೆಳಿಗ್ಗೆ ಏಳುವಾಗ ತಲೆ ತಿರುಗುತ್ತದೆಯೇ, ಕಾಲ್ಗೆಜ್ಜೆಯ ಜಾಗದಲ್ಲಿ ಊತ ಬಂದಿದೆಯೇ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಯಾವಾಗ ಆಗಿತ್ತು? ಈ ಮಾತ್ರೆ ಹೆಚ್ಚೂ ಕಡಿಮೆ ಇದ್ದ ಹಾಗೆಯೇ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೊರಗಿದ್ದರೆ ಡೋಸ್ ಕಡಿಮೆ ಮಾಡಬೇಕಾಗುತ್ತದೆ. ಫೆನಿಬ್ಯೂಟ್ ಕೂಡ ಬಹುಪಾಲು ಮೂತ್ರದಲ್ಲೇ ಹೋಗುವಂಥದ್ದು. ಪ್ರಿಗಬಾಲಿನ್ ದುರುಪಯೋಗವಾಗುವುದೂ ನಿಜ. ನಿಮ್ಮ ತಾಯಿಗೆ ಬರೆದ ಮಾತ್ರೆಯನ್ನು ಮನೆಯಲ್ಲಿ ಇನ್ನೊಬ್ಬರು ‘ನಿದ್ದೆ ಬರುತ್ತದೆ’ ಎಂದು ನುಂಗದಂತೆ ನೋಡಿಕೊಳ್ಳಿ.

ಹಾವೇರಿ_ಏಲಕ್ಕಿ

ಬ್ಯಾಕ್ಲೋಫೆನ್ ಮಾತನ್ನು ಬಿಡೋಣ. ಆದರೆ ನನ್ನ ಮೂಲ ವಾದ ಹಾಗೆಯೇ ಇದೆ. ದಿನವೂ ಕುಡಿದು ಕೆಟ್ಟವರ ಕಥೆಗಳೇ ಸುದ್ದಿಯಾಗುತ್ತವೆ. ಅಪರೂಪಕ್ಕೆ ಬಳಸಿ ಸುಮ್ಮನಿರುವವರು ಯಾವ ಆಸ್ಪತ್ರೆಯ ಲೆಕ್ಕಕ್ಕೂ ಬರುವುದಿಲ್ಲ.

ಬೆಂಜೀನ್_ಮಾಸ್ತರ

ಅದು ನ್ಯಾಯವಾದ ಮಾತು. ಆಸ್ಪತ್ರೆಯ ಲೆಕ್ಕದಿಂದ ಒಟ್ಟು ಬಳಸುವವರಲ್ಲಿ ಎಷ್ಟು ಪಾಲು ಕೆಡುತ್ತಾರೆ ಎಂದು ಹೇಳಲಾಗದು. ಆದರೂ ಇರುವ ಲೆಕ್ಕ ಚಿಕ್ಕದಲ್ಲ. 2009ರಿಂದ 2019ರವರೆಗೆ ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ ಫೆನಿಬ್ಯೂಟ್ ಬಗ್ಗೆ 1,320 ಪ್ರಕರಣಗಳು ವರದಿಯಾದವು, ಕೊನೆಯ ವರ್ಷಗಳಲ್ಲಿ ಏರಿಕೆ ಜೋರಾಗಿತ್ತು. ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಮಾರಾಟಗಾರರಿಗೆ ಎಚ್ಚರಿಕೆಯ ಪತ್ರ ಬರೆದು, ಇದು ಆಹಾರ ಪೂರಕಗಳಲ್ಲಿ ಸೇರಬಹುದಾದ ಪದಾರ್ಥವೇ ಅಲ್ಲ ಎಂದಿತು. ಆಸ್ಟ್ರೇಲಿಯಾ 2018ರ ಫೆಬ್ರುವರಿಯಲ್ಲಿ ಇದನ್ನು ನಿಷೇಧಿತ ವಸ್ತುಗಳ ಪಟ್ಟಿಗೆ ಸೇರಿಸಿತು. ಅದೇ ತಿಂಗಳು ಅಲ್ಲಿನ ಗೋಲ್ಡ್ ಕೋಸ್ಟಿನಲ್ಲಿ ಏಳು ಶಾಲಾ ಮಕ್ಕಳು ಇದನ್ನೇ ಸೇವಿಸಿ ಆಸ್ಪತ್ರೆ ಸೇರಿದ್ದರು.

ಅಪರೂಪಕ್ಕೆ ಬಳಸುತ್ತೇನೆ ಎನ್ನುವುದು ಬೆಂಗಳೂರಿನಲ್ಲಿ ಸಂಬಳವಿದ್ದ, ತಿಂಗಳಿಗೊಂದು ಸಭೆಯಿದ್ದ ನಿಮಗೆ ಸಾಧ್ಯವಾಗಿರಬಹುದು. ಈ ಹುಡುಗರಿಗೆ ದಿನವೂ ಪರೀಕ್ಷೆಯೇ. ಯಾವ ದಿನ ಕುಡಿಯಬೇಕು, ಯಾವ ದಿನ ಬೇಡ ಎಂದು ಆರಿಸಲು ಅವರಿಗೆ ಖಾಲಿ ದಿನವೇ ಇಲ್ಲ.

ಬ್ಯಾಡಗಿ_ಖಾರ

ತಮಾಷೆ ಬಿಟ್ಟು ಕೇಳುತ್ತೇನೆ. ನನ್ನ ತಂಗಿಗೂ ಸಂದರ್ಶನದ ಭಯವಿದೆ. ಪುಡಿ ಬೇಡ ಎಂದಾಯಿತು, ಮತ್ತೆ ಏನು ಮಾಡಬೇಕು? ಬ್ರಾಹ್ಮಿ, ಬಾದಾಮಿ ಎಂದು ಅಜ್ಜಿ ಹೇಳುತ್ತಾಳೆ.

ರಾತ್ರಿಪಾಳಿ_ಸಿಸ್ಟರ್

ಬಾದಾಮಿ ತಿನ್ನಲಿ, ಅಜ್ಜಿಗೂ ಸಮಾಧಾನ. ಭಯ ಓದನ್ನೇ ಕೆಡಿಸುವಷ್ಟಿದ್ದರೆ ಅದಕ್ಕೆ ಹೆಸರಿದೆ, ಚಿಕಿತ್ಸೆಯಿದೆ. ಮನಶ್ಶಾಸ್ತ್ರಜ್ಞರು ಮೊದಲು ಸಣ್ಣ ಗುಂಪಿನ ಎದುರು, ಆಮೇಲೆ ದೊಡ್ಡ ಗುಂಪಿನ ಎದುರು ಮಾತನಾಡಿಸುತ್ತಾ, ಭಯದ ಹಿಂದಿರುವ ಯೋಚನೆಗಳನ್ನು ಬಿಡಿಸಿ ತೋರಿಸುತ್ತಾರೆ. ಎದೆಬಡಿತ ಮತ್ತು ಕೈನಡುಕ ಇಳಿಸಲು ವೈದ್ಯರು ಕೆಲವೊಮ್ಮೆ ಪ್ರೊಪ್ರನೊಲಾಲ್ ಬರೆಯುತ್ತಾರೆ, ಉಬ್ಬಸ ಇರುವವರಿಗೆ ಅದು ಕೂಡದು, ಹಾಗಾಗಿ ಅದನ್ನೂ ತಾನಾಗಿ ತರಬಾರದು. ತಂಗಿಯನ್ನು ಮನೆಯಲ್ಲೇ ದಿನವೂ ಐದು ನಿಮಿಷ ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿ. ಖಾರ ಮಾತ್ರ ಸ್ವಲ್ಪ ಕಡಿಮೆ ಇರಲಿ.

ಸಪ್ತಾಪುರ_ರೂಮ್

ಎಲ್ಲರಿಗೂ ತಿಳಿಸಬೇಕಿತ್ತು. ಅಕ್ಕ ಹೇಳಿದ ಮಾತನ್ನು ಅಕ್ಕನ ಹೆಸರಿನಲ್ಲೇ ಹೇಳಿದೆ. ಮೊದಲು ಸಿಟ್ಟಾದ, ಆಮೇಲೆ 14416ಕ್ಕೆ ಅವನೇ ಕರೆ ಮಾಡಿದ. ಅವರ ಅಪ್ಪನಿಗೆ ನಾನು ಫೋನ್ ಮಾಡಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ರೋಣದಿಂದ ಮೊದಲ ಬಸ್ಸಿಗೇ ಬಂದರು. ಮೂವರೂ ಆಸ್ಪತ್ರೆಗೆ ಹೋದೆವು. ಪೊಟ್ಟಣ ಮತ್ತು ಚಮಚವನ್ನು ಮೇಜಿನ ಮೇಲಿಟ್ಟ ಕೂಡಲೇ ವೈದ್ಯರು ಕೇಳಿದ ಮೊದಲ ಪ್ರಶ್ನೆ: ‘ಕೊನೆಯ ಸಲ ಯಾವಾಗ ಕುಡಿದೆ?’ ರಕ್ತ ಪರೀಕ್ಷೆ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ ದಾಖಲು ಮಾಡಿಕೊಂಡಿದ್ದಾರೆ. ಮಾತ್ರೆ ಕೊಟ್ಟು ಹಂತ ಹಂತವಾಗಿ ಇಳಿಸುತ್ತಾರಂತೆ. ಈ ಸಲದ ಪರೀಕ್ಷೆ ಅವನಿಗೆ ತಪ್ಪುತ್ತದೆ.

ರೂಮಿನಲ್ಲಿ ಇನ್ನೊಂದು ಒಡೆಯದ ಪೊಟ್ಟಣ ಉಳಿದಿದೆ. ಏನು ಮಾಡಲಿ? ಪಕ್ಕದ ರೂಮಿನವರು ಆಗಲೇ ಕೇಳಿದ್ದಾರೆ.

ಮಾತ್ರೆಪೆಟ್ಟಿಗೆ_ಗದಗ

ಯಾರಿಗೂ ಕೊಡಬೇಡ, ಮೋರಿಗೂ ಸುರಿಯಬೇಡ. ನಾಳೆ ಹೋಗುವಾಗ ಆಸ್ಪತ್ರೆಗೇ ಒಯ್ದು ವೈದ್ಯರ ಕೈಗೆ ಕೊಡು, ಅವನ ಚೀಲದಲ್ಲಿ ಇನ್ನೂ ಏನಾದರೂ ಇದೆಯೇ ಎಂದು ಅವರ ಅಪ್ಪನ ಎದುರೇ ನೋಡು. ಬಿಡುಗಡೆಯಾಗುವಾಗ ಕೊಡುವ ಚೀಟಿಯ ಮಾತ್ರೆಗಳನ್ನು ಒಂದೇ ಅಂಗಡಿಯಲ್ಲಿ ಕೊಳ್ಳಿ, ಮುಗಿಯುವುದಕ್ಕೆ ಎರಡು ದಿನ ಇರುವಾಗಲೇ ಹೋಗಿ ತನ್ನಿ. ಭಾನುವಾರ ಅಂಗಡಿ ಮುಚ್ಚಿದೆ ಎಂಬ ಕಾರಣಕ್ಕೆ ಅವನ ಡೋಸ್ ತಪ್ಪಬಾರದು.